ಭಂಡಾರ ಹೊಕ್ಕ ಬಾಗಿಲು

ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿ ಇಳಿದ ಹಳೇ ಅಂಬಾಸಿಡರಿನ ಬಾಗಿಲು ಬಿಚ್ಚಿದರೆ ಒಳಗೆಲ್ಲ ಹಳದಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ 'ಉಧೋ ಉಧೋ' ಎನ್ನುತ್ತ ಜನ ತೂರಿದ ಅರಿಶಿನದ ಭಂಡಾರ ಗಾಜಿನ ಅಂಚಿನ ಸಂದಿಯಿಂದ ಇಳಿದು ತಗಡಿನ ತಳದಲ್ಲಿ ಕೂತಿರುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು, ಧೂಳಿನ ಮೇಲೆ ಯಾರೋ ಸುರಿದ ಎಣ್ಣೆ. ನವಿಲುತೀರ್ಥದ ಹಾದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡ ನಾನು ಈ ಪದರಗಳನ್ನು ಕೆರೆಯುತ್ತಲೇ ಮುದುಕನಾದೆ. ಗಾಜು ಏರದೆ ಇಳಿಯದೆ ನಡುವೆ ನಿಂತರೆ ಎಲ್ಲರೂ 'ಮಷೀನ್ ಹೋತು' ಅನ್ನುತ್ತಾರೆ. ಬಹಳ ಸಲ ಮಷೀನಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಗಾಜು ಓಡಾಡುವ ದಾರಿ. ಅದನ್ನು ಕೆಡಿಸಿದ್ದು ನಮ್ಮ ಕಡೆಯ ಮಣ್ಣು, ನಮ್ಮ ಜಾತ್ರೆ, ಜೊತೆಗೆ ಚಕ್ಕಡಿ ಕಾಲದಿಂದ ಬಂದ ನಮ್ಮದೇ ಒಂದು ರೂಢಿ.

ಆ ರೂಢಿ ಕೀಲೆಣ್ಣೆಯದು. ಮೋಟಾರು ಬರುವ ಮುಂಚೆ ಸವದತ್ತಿ, ಮುನವಳ್ಳಿ, ಬೈಲಹೊಂಗಲ ಕಡೆ ಗಾಡಿ ರಿಪೇರಿ ಅಂದರೆ ಬಡಿಗೇರರ ಮತ್ತು ಕಮ್ಮಾರರ ಕೆಲಸ. ಚಕ್ಕಡಿಯ ಗಾಲಿ ಕಿರ್ ಅಂದರೆ ಅಚ್ಚಿಗೆ ಕೀಲೆಣ್ಣೆ ಹಾಕಿದರೆ ಮುಗಿಯಿತು. ಜಾತ್ರೆಗೆ ಕೊಲ್ಲಾಪುರ, ಸಾಂಗಲಿ ಸೀಮೆಯಿಂದ ದಿನಗಟ್ಟಲೆ ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದವರು ಬಂಡಿಯ ಕೆಳಗೆ ಎಣ್ಣೆಯ ಪಾತ್ರೆ ಕಟ್ಟಿಕೊಂಡೇ ಬರುತ್ತಿದ್ದರು. ಬಿಗಿಯಾದದ್ದಕ್ಕೆಲ್ಲ ಎಣ್ಣೆಯೇ ಮದ್ದು ಎಂಬ ನಂಬಿಕೆ ಅಲ್ಲಿ ಬೇರೂರಿತು. ಅಚ್ಚಿಗೆ ಅದು ಸರಿಯೇ. ಕಬ್ಬಿಣಕ್ಕೆ ಕಟ್ಟಿಗೆ ಉಜ್ಜುವ ಜಾಗ ಎಣ್ಣೆ ಬೇಡುತ್ತದೆ. ಕಾರಿನ ಗಾಜು ಉಜ್ಜುವುದು ಅದು ಓಡಾಡುವ ತಗಡಿನ ಚಾನೆಲ್‌ನ ಒಳಗಿನ ಫೆಲ್ಟಿಗೆ. ಅಲ್ಲಿ ಎಣ್ಣೆ ಬಿದ್ದರೆ ಧೂಳು ಹಿಡಿದು ಅರಗಾಗುತ್ತದೆ. ಈ ವ್ಯತ್ಯಾಸ ತಿಳಿಯಲು ನಮ್ಮ ಸೀಮೆಗೆ ಒಂದು ತಲೆಮಾರು ಹಿಡಿಯಿತು.

ಮೋಟಾರು ಕೆಲಸ ಇಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಅಣೆಕಟ್ಟಿನ ಕಾಲಕ್ಕೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ಇರುಕಿನಿಂದ ನುಸುಳಿ ಹೋಗುತ್ತಿದ್ದಳು. ಆ ಇರುಕಿಗೆ ಅಡ್ಡಲಾಗಿ ಸುಮಾರು 155 ಮೀಟರ್ ಉದ್ದದ ಗೋಡೆ ಎದ್ದಿತು. ಅಷ್ಟು ಚಿಕ್ಕ ಗೋಡೆಯ ಹಿಂದೆ 37 ಟಿಎಂಸಿಗೂ ಮಿಕ್ಕಿದ ರೇಣುಕಾ ಸಾಗರ ನಿಂತಿದೆ. 1960ರ ದಶಕದಲ್ಲಿ ಆ ಕೆಲಸಕ್ಕೆ ಲಾರಿ, ಜೀಪುಗಳು ಬಂದವು. ಅವುಗಳ ಹಿಂದೆ ಸ್ಪ್ಯಾನರ್ ಹಿಡಿಯಲು ಹುಡುಗರು ಬಂದರು. ನನ್ನ ಉಸ್ತಾದರು ಅವರಲ್ಲಿ ಒಬ್ಬರು. ಜೀಪಿನ ಬದಿಗೆ ಗಾಜೇ ಇರಲಿಲ್ಲ, ತಾಡಪತ್ರಿಯ ಪರದೆ. ಹಾಗಾಗಿ ಅವರು ಎಂಜಿನ್, ಗೇರು, ಬ್ರೇಕು ಎಲ್ಲ ಕಲಿತರೂ ಬಾಗಿಲಿನ ಒಳಗಡೆ ಏನಿದೆ ಎಂಬುದನ್ನು ಕಂಡದ್ದು ಅಂಬಾಸಿಡರ್ ಕೈಗೆ ಬಂದ ಮೇಲೆ.

ಅಂಬಾಸಿಡರ್ ಹುಟ್ಟಿದ್ದು ಬಂಗಾಳದ ಉತ್ತರಪಾರಾದಲ್ಲಿ, 1957-58ರ ಹೊತ್ತಿಗೆ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ. ಫಿಯಟ್ ಬಂದದ್ದು ಮುಂಬೈನ ಕುರ್ಲಾದಿಂದ. ಆ ಕಾರ್ಖಾನೆ ಕಟ್ಟಿದ ವಾಲಚಂದ್ ಹಿರಾಚಂದ್ ನಮ್ಮ ನೆರೆಯ ಸೊಲ್ಲಾಪುರದವರು. 1974ರಿಂದ ಅದೇ ಫಿಯಟ್ ಪ್ರೀಮಿಯರ್ ಪದ್ಮಿನಿ ಎನ್ನಿಸಿಕೊಂಡಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ದರೆ ಒಂದು ಗಾಡಿ ಸಿಗುವ ಕಾಲ ಅದು. ಬೈಲಹೊಂಗಲದ ಹತ್ತಿ ವ್ಯಾಪಾರಿಗಳು ಕೊಂಡ ಗಾಡಿ ಅಪ್ಪನಿಂದ ಮಗನಿಗೆ, ಮಗನಿಂದ ಟ್ಯಾಕ್ಸಿ ಡ್ರೈವರಿಗೆ ಹೋಗುತ್ತಿತ್ತು. ಮಾರಿ ಹೊಸದು ತರುವ ಮಾತೇ ಇರಲಿಲ್ಲ. ಸ್ಪೇರ್ ಬೇಕೆಂದರೆ ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ಸು ಹತ್ತಬೇಕು. ಅಲ್ಲೂ ಇಲ್ಲವೆಂದರೆ ಊರಲ್ಲೇ ದಾರಿ ಹುಡುಕಬೇಕು.

ಒಮ್ಮೆ ಒಬ್ಬ ಹತ್ತಿ ವ್ಯಾಪಾರಿ ಗಾಡಿ ತಂದು, "ಉಸ್ತಾದರ, ಹೊಸಾ ಮಷೀನ ಹಾಕ್ರಿ, ರೊಕ್ಕದ ಚಿಂತಿ ಬ್ಯಾಡ," ಎಂದರು. ಹಿಡಿಕೆ ತಿರುವಲು ಎರಡೂ ಕೈ ಬೇಕಾಗುತ್ತಿತ್ತು. ಉಸ್ತಾದರು ನನ್ನನ್ನು ಹತ್ತಿರ ಕರೆದರು. "ತಮ್ಮಾ, ಗಾಜ ಬಿಗಿ ಆಗೇತಿ ಅಂದ್ರ ಮೊದಲ ಎಣ್ಣಿ ಡಬ್ಬಿ ದೂರ ಇಡು. ಅಂಗೈ ಹಚ್ಚಿ ನೋಡು. ಯಾವ ಕಡಿಗೆ ಹಿಡಿತೈತಿ ಅನ್ನೂದು ಗಾಜ ಹೇಳ್ತೈತಿ."

ಆ ಪಾಠ ಇವತ್ತಿಗೂ ಹಾಗೇ ಇದೆ. ಒಬ್ಬರು ಹಿಡಿಕೆ ತಿರುವಬೇಕು, ಇನ್ನೊಬ್ಬರು ಗಾಜಿನ ಎರಡೂ ಮಗ್ಗುಲಿಗೆ ಅಂಗೈ ಒತ್ತಿ ಅದರ ಜೊತೆ ಏರಬೇಕು. ಒಂದು ಮಗ್ಗುಲು ಮುಂದೆ ಹೋಗಿ ಇನ್ನೊಂದು ಹಿಂದುಳಿದರೆ ಗಾಜು ಓರೆಯಾಗಿದೆ. ಎರಡೂ ಸಮನಾಗಿ ಬಿಗಿದರೆ ಚಾನೆಲ್ ತುಂಬಿದೆ. ಆಮೇಲೆ ಹಿಡಿಕೆ ಬಿಚ್ಚುವುದು. ಅಂಬಾಸಿಡರಿನಲ್ಲಿ ಹಿಡಿಕೆಯ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿ ಹಿಡಿದರೆ ಒಂದು ಅಡ್ಡ ಪಿನ್ ಕಾಣುತ್ತದೆ. ತೆಳು ಮೊಳೆಯಿಂದ ಅದನ್ನು ದೂಡಬೇಕು. ಕೆಲವು ಗಾಡಿಗಳಲ್ಲಿ ಪಿನ್ ಬದಲು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹಿಡಿಕೆಯ ಹಿಂದೆ ಅರಿವೆಯ ಪಟ್ಟಿ ತೂರಿಸಿ ಆ ಕಡೆ ಈ ಕಡೆ ಜಗ್ಗಿದರೆ ಕ್ಲಿಪ್ಪು ಚಿಮ್ಮುತ್ತದೆ. ಎದುರಿಗೆ ಬೊಗಸೆ ಹಿಡಿಯದಿದ್ದರೆ ದಿನವಿಡೀ ನೆಲ ತಡಕಬೇಕು. ಬಾಗಿಲಿನ ಪ್ಯಾಡ್ ಕಿತ್ತ ಮೇಲೆ ಮಷೀನ್ ಕಾಣುತ್ತದೆ: ಹಿಡಿಕೆಗೆ ಕೂಡಿದ ಸಣ್ಣ ಹಲ್ಲಿನ ಚಕ್ರ, ಅದು ತಿರುಗಿಸುವ ಹಲ್ಲುಳ್ಳ ಕಮಾನು, ಕಮಾನಿಗೆ ಕೂಡಿದ ತೋಳು, ತೋಳಿನ ತುದಿಗೆ ಗಾಜಿನ ಕೆಳಪಟ್ಟಿಯಲ್ಲಿ ಓಡುವ ರೋಲರ್. ಗ್ರೀಸ್ ಬೇಕಾದದ್ದು ಈ ಹಲ್ಲಿಗೆ, ಈ ರೋಲರಿಗೆ. ಬೇರೆಲ್ಲೂ ಇಲ್ಲ.

ಅವತ್ತು ವ್ಯಾಪಾರಿಯ ಗಾಡಿಯ ಚಾನೆಲ್‌ನಿಂದ ಉಸ್ತಾದರು ಕಪ್ಪು-ಹಳದಿ ಅರಗನ್ನು ಹಕ್ಕಳೆ ಹಕ್ಕಳೆಯಾಗಿ ತೆಗೆದರು. ಅದರೊಡನೆ ಫೆಲ್ಟೂ ಉದುರಿ ಬಂತು. "ಸಾವಕಾರ್ರ, ಮಷೀನಿಗೆ ಏನೂ ಆಗಿಲ್ರೀ. ಒಂದ್ ತುಂಡು ಕಂಬಳಿ ಇದ್ರ ಕೊಡ್ರಿ," ಎಂದರು. ಕುರುಬರು ನೇಯ್ದ ಕರೇ ಕಂಬಳಿಯ ಅಂಚು ಕತ್ತರಿಸಿ, ತಗಡಿನ ಚಾನೆಲ್ ಉಜ್ಜಿ ಒಣಗಿಸಿ, ಸೊಲ್ಯೂಷನ್ ಹಚ್ಚಿ ಕೂರಿಸಿದರು. ಮೇಲೆ ಪಂಕ್ಚರ್ ಅಂಗಡಿಯ ಬಳಪದ ಪುಡಿ ಉದುರಿಸಿದರು. ಗಾಜಿನ ಕೆಳಪಟ್ಟಿಯ ರಬ್ಬರ್ ಸತ್ತಿತ್ತು. ಹಳೇ ಟ್ಯೂಬಿನ ಪಟ್ಟಿ ಸೀಳಿ, ಸಾಬೂನಿನ ನೀರು ಹಚ್ಚಿ, ಗಾಜನ್ನು ಪಟ್ಟಿಯೊಳಗೆ ಕೂರಿಸಿದರು. ವ್ಯಾಪಾರಿ ಒಂದೇ ಬೆರಳಿಂದ ಹಿಡಿಕೆ ತಿರುವಿ ಗಾಜು ಏರಿಸಿದರು. ಉಣ್ಣೆಯ ಕಂಬಳಿ ಕಾರ್ಖಾನೆಯ ಫೆಲ್ಟಿಗಿಂತ ಕಡಿಮೆಯದಲ್ಲ ಎಂದು ನಾನು ಇವತ್ತೂ ಎದೆ ತಟ್ಟಿ ಹೇಳುತ್ತೇನೆ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಅದೇ ಹೆಚ್ಚು ದಿನ ಬಾಳುತ್ತದೆ.

ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ 1940ರಲ್ಲೇ ಗುಂಡಿ ಒತ್ತಿದರೆ ಗಾಜು ಏರುತ್ತಿತ್ತು. ನಮ್ಮ ಕಡೆ ಮಾತ್ರ ಆ ಶತಮಾನ ಕಳೆಯುವವರೆಗೂ ತೋಳಿನ ಬಲವೇ. 1983ರ ಕೊನೆಗೆ ಬಂದ ಮಾರುತಿ 800ಕ್ಕೂ ಹಿಡಿಕೆಯೇ ಇತ್ತು. ಆದರೆ ಅದರ ಸ್ಪೇರ್ ಸುಲಭವಾಗಿ ಸಿಗುತ್ತಿತ್ತು. ಬಿಚ್ಚಿ ನೋಡುವ ಬದಲು ಬಿಸಾಕಿ ಹೊಸದು ಹಾಕುವ ಅಭ್ಯಾಸ ಆಗಲೇ ಶುರುವಾಯಿತು. ಟ್ರ್ಯಾಕ್ಸು, ಕ್ರೂಸರುಗಳು ಸೀಟಿನ ಲೆಕ್ಕದಲ್ಲಿ ಜನ ತುಂಬಿ ವಡಾಪ್ ಹೊಡೆಯತೊಡಗಿದ ಮೇಲೆ ಜಾತ್ರೆಯ ದಾರಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಕಡಿಮೆಯಾದವು. ಪದ್ಮಿನಿ 2000ದ ಹೊತ್ತಿಗೆ ನಿಂತಿತು, ಅಂಬಾಸಿಡರ್ 2014ರ ಮೇ ತಿಂಗಳಲ್ಲಿ. ಈಗ ನನ್ನ ಬಳಿ ಬರುವ ಹಳೇ ಗಾಡಿಗಳು ಅಪ್ಪನ ನೆನಪಿಗೆಂದು ಇಟ್ಟುಕೊಂಡವು. ಅವುಗಳ ಬಾಗಿಲಲ್ಲಿ ಉಸ್ತಾದರು ಅಂಟಿಸಿದ ಕಂಬಳಿ ಕಂಡಾಗ ಕೈ ತಾನಾಗಿ ನಿಧಾನವಾಗುತ್ತದೆ. ಗಟ್ಟಿ ಇದ್ದರೆ ಅದನ್ನು ಕೀಳುವುದಿಲ್ಲ, ಬ್ರಷ್ ಹೊಡೆದು ಹಾಗೇ ಬಿಡುತ್ತೇನೆ.

ಈಗ ನನ್ನ ಹತ್ತಿರ ಕಲಿಯುತ್ತಿರುವ ಹುಡುಗನಿಗೆ ಹುಣ್ಣಿಮೆ ಮುಗಿದ ವಾರ ಬೇರೆ ಕೆಲಸ ಕೊಡುವುದಿಲ್ಲ. ಬಂದ ಗಾಡಿಯ ನಾಲ್ಕೂ ಗಾಜು ಇಳಿಸಿ ಚಾನೆಲ್‌ಗೆ ಒಣ ಬ್ರಷ್ ಹೊಡೆಯುತ್ತಾನೆ. ಬಾಗಿಲ ತಳದಲ್ಲಿ ನೀರು ಬಸಿಯುವ ತೂತುಗಳಿಗೆ ಸೈಕಲ್ ಕಡ್ಡಿ ತೂರಿಸಿ ಭಂಡಾರ ಕೆಳಗಿಳಿಸುತ್ತಾನೆ. ಆ ತೂತು ಕಟ್ಟಿದರೆ ಮಳೆಗಾಲದಲ್ಲಿ ನೀರು ಒಳಗೇ ನಿಂತು ಕೆಳಪಟ್ಟಿಯನ್ನು ತುಕ್ಕು ತಿನ್ನುತ್ತದೆ, ಗಾಜು ವಾಲುತ್ತದೆ, ಜನ ಮತ್ತೆ ಮಷೀನ್ ಮೇಲೆ ತಪ್ಪು ಹೊರಿಸುತ್ತಾರೆ. ಡ್ರೈವರ್ ಯಾರಾದರೂ ಎಣ್ಣೆ ಡಬ್ಬಿ ಹಿಡಿದು ಬಂದರೆ ಹುಡುಗನೇ ತಡೆಯುತ್ತಾನೆ: "ಕಾಕಾ, ಅದನ್ನ ಕೆಳಗ ಇಡ್ರಿ. ಮೊದಲ ಅಂಗೈ ಹಚ್ಚಿ ನೋಡೂಣು."