ಕಳವಾದ ಪಿಟೀಲು, ಗುರುತಿಲ್ಲದ ವೀಣೆ

ಹಡ್ಸನ್ ನದಿಯ ಈಚೆ ದಡದ ನಮ್ಮ ಜರ್ಸಿ ಸಿಟಿಯಿಂದ ರೈಲು ಹತ್ತಿದರೆ ಆಚೆ ದಡದ ಕಾರ್ನೆಗಿ ಹಾಲ್ ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. 1891ರಲ್ಲಿ ತೆರೆದ ಆ ಸಂಗೀತಭವನದಲ್ಲಿ ಕಛೇರಿ ಕೇಳುವಾಗಲೆಲ್ಲ ನನ್ನ ಮನಸ್ಸು ವೇದಿಕೆಯ ಹಿಂದಿನ ಕೋಣೆಗಳತ್ತ ಹರಿಯುತ್ತದೆ.

1936ರ ಫೆಬ್ರವರಿ 28ರಂದು ಪೋಲೆಂಡಿನ ಪ್ರಸಿದ್ಧ ಪಿಟೀಲುವಾದಕ ಬ್ರೋನಿಸ್ಲಾವ್ ಹುಬರ್ಮನ್ ಅಲ್ಲಿ ನುಡಿಸುತ್ತಿದ್ದರು. ಅವರ ಬಳಿ ಎರಡು ಪಿಟೀಲುಗಳಿದ್ದವು. ಒಂದು ಕೈಯಲ್ಲಿತ್ತು, ಇಟಲಿಯ ಸ್ಟ್ರಾಡಿವೇರಿ 1713ರಲ್ಲಿ ನಿರ್ಮಿಸಿದ್ದ ಇನ್ನೊಂದು ಕೋಣೆಯಲ್ಲಿತ್ತು. ಇದೇ ವಾದ್ಯ 1919ರಲ್ಲಿ ವಿಯೆನ್ನಾದ ಹೋಟೆಲಿನಲ್ಲಿ ಕಳವಾಗಿ ಬೇಗನೆ ಮರಳಿ ಸಿಕ್ಕಿತ್ತು. ಈ ಬಾರಿ ಸಿಗಲಿಲ್ಲ. ವಿಮೆಯ ಹಣವೇನೋ ಬಂದಿತು; ಆದರೆ ವಾದ್ಯವನ್ನು ಮತ್ತೆ ಕಾಣದೆಯೇ 1947ರಲ್ಲಿ ಹುಬರ್ಮನ್ ತೀರಿಕೊಂಡರು.

ಜೂಲಿಯನ್ ಆಲ್ಟ್‌ಮನ್ ಎಂಬ ವಾದಕ ಅದಕ್ಕೆ ಬೂಟ್ ಪಾಲಿಶ್ ಬಳಿದು ಸುಮಾರು 50 ವರ್ಷ ಜನರೆದುರಿಗೇ ನುಡಿಸಿದ. ತಾನೇ ಕದ್ದನೋ, ಕದ್ದವನಿಂದ ಕೊಂಡನೋ, ಎರಡು ಬಗೆಯ ಕಥೆಗಳಿವೆ. 1985ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಪೆಟ್ಟಿಗೆಯನ್ನು ನೋಡುವಂತೆ ಪತ್ನಿಗೆ ಹೇಳಿದ. ಅದರಲ್ಲಿ 1936ರ ಕಳವಿನ ಪತ್ರಿಕಾವರದಿಗಳಿದ್ದವು! 1987ರಲ್ಲಿ ವಾದ್ಯ ವಿಮಾಸಂಸ್ಥೆಯನ್ನು ಸೇರಿತು. 2001ರಲ್ಲಿ ಜೋಶುವಾ ಬೆಲ್ ಅದನ್ನು ಕೊಂಡರು.

ನಮ್ಮ ಪಿಟೀಲು ಚೌಡಯ್ಯನವರ ಏಳು ತಂತಿಯ ವಾದ್ಯವನ್ನು ಒಯ್ದವನು ಯಾವ ಪಾಲಿಶ್ ಬಳಿದು ಮರೆಮಾಚಬಹುದಿತ್ತೆಂದು ಯೋಚಿಸಿ ನಗು ಬರುವುದುಂಟು.

ರೋಮನ್ ಟೋಟೆನ್‌ಬರ್ಗ್ ಅವರ 1734ರ ಸ್ಟ್ರಾಡಿವೇರಿ ಪಿಟೀಲು 1980ರಲ್ಲಿ ಕೇಂಬ್ರಿಜ್‌ನಲ್ಲಿ ಕಛೇರಿಯ ಬಳಿಕ ಕಳವಾಯಿತು. 2015ರಲ್ಲಿ ಬೆಲೆ ಕಟ್ಟಿಸಲು ನ್ಯೂಯಾರ್ಕಿಗೆ ತಂದಾಗ ತಜ್ಞರು ಅದನ್ನು ಗುರುತಿಸಿದರು. ಒಳಗಿನ ಚೀಟಿಯೊಂದನ್ನೇ ಅವರು ನಂಬುವುದಿಲ್ಲ. ಸ್ಟ್ರಾಡಿವೇರಿಯ ಹೆಸರಿನ ಚೀಟಿ ಅಗ್ಗದ ನಕಲುಗಳಲ್ಲೂ ಇರುತ್ತದೆ. ಮರದ ಎಳೆ, ಸವೆತ, ಕಲೆಗಳನ್ನು ಹಳೆಯ ಛಾಯಾಚಿತ್ರಗಳೊಡನೆ ಹೋಲಿಸುತ್ತಾರೆ. ಆ ಪಿಟೀಲು ಮೂವರು ಪುತ್ರಿಯರ ಕೈಸೇರಿತು. ತಂದೆ 2012ರಲ್ಲೇ, 101ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ನಮ್ಮ ವೀಣೆಗಳಿಗೆ ಇಂತಹ ದಾಖಲೆ ಎಲ್ಲಿದೆ? ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು, ದಂಡಿಯ ತುದಿಗೆ ಯಾಳಿಯ ಮುಖ, ಒಂದು ಸೋರೆಬುರುಡೆ: ದೂರದಿಂದ ಎಲ್ಲವೂ ಒಂದೇ. ಮಾಡಿದ ಕುಶಲಕರ್ಮಿಯ ಹೆಸರು ಎಷ್ಟೋ ವೀಣೆಗಳ ಮೇಲೆ ಇರುವುದೇ ಇಲ್ಲ.

ಹಿಂದೊಮ್ಮೆ ಕನ್ನಡಿಗರ ಸಮಾರಂಭವೊಂದರಲ್ಲಿ, ಮೈಸೂರಿನಿಂದ ನಾನು ತಂದಿದ್ದ ನನ್ನ ತಾಯಿಯವರ ವೀಣೆ ವೇದಿಕೆಯ ಹಿಂದಿನಿಂದ ಕಾಣೆಯಾಯಿತು. ಕಾವಲಿನವರು ಗುರುತೇನೆಂದು ಕೇಳಿದರು. ಕಂದುಬಣ್ಣ, ಯಾಳಿಮುಖ ಎಂದೆ. ಅಲ್ಲಿದ್ದ ಆರೂ ವೀಣೆಗಳಿಗೆ ಅದೇ ಗುರುತು! ನಾಚಿಕೆಯಾಯಿತು. ಮೂವತ್ತು ವರ್ಷ ಮಡಿಲಲ್ಲಿಟ್ಟು ನುಡಿಸಿದ ವಾದ್ಯವನ್ನು ನಾನು ನೋಡಿಯೇ ಇರಲಿಲ್ಲವೇ?

ಎರಡು ಗಂಟೆಯ ನಂತರ ಬೇರೊಂದು ತಂಡದವರ ವ್ಯಾನಿನಲ್ಲಿ ವೀಣೆ ಸಿಕ್ಕಿತು. ಅವಸರದಲ್ಲಿ ತಮ್ಮದೆಂದು ಏರಿಸಿಕೊಂಡಿದ್ದರು. ನವರಾತ್ರಿಯ ಪೂಜೆಯಲ್ಲಿ ಅಮ್ಮ ವರುಷವರುಷವೂ ಕೊಡದ ಬದಿಗೆ ಇಡುತ್ತಿದ್ದ ಕುಂಕುಮ ಮರಕ್ಕೆ ಇಳಿದು ಕಲೆಯಾಗಿತ್ತು. ಅದನ್ನು ತೋರಿಸಿದ ಮೇಲೆ ಯಾರೂ ಮರುಮಾತಾಡಲಿಲ್ಲ. ಪಾಲಿಶ್ ಹಾಕಿಸಿ ಆ ಕಲೆ ತೆಗೆಸೋಣವೆಂದು ನಮ್ಮ ಯಜಮಾನರು ಎಷ್ಟೋ ಸಲ ಹೇಳಿದ್ದರು.

ಈಗ ಆ ಕಲೆಯ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆದ ಛಾಯಾಚಿತ್ರ ನಮ್ಮ ಮನೆಯಲ್ಲೊಂದು, ಮೈಸೂರಿನಲ್ಲಿ ತಂಗಿಯ ಬಳಿ ಒಂದು ಇವೆ.