ಮದುವೆ ಮನೆಯ ವಾಲಗ ಮತ್ತು ಕದ್ರಿಯವರ ಸ್ಯಾಕ್ಸೋಫೋನ್

ಮೊನ್ನೆ ಸೊರಬದ ಕಡೆ ಒಂದು ಮದುವೆಗೆ ಹೋಗಿದ್ದೆ. ಧಾರೆ ಹೊತ್ತಿಗೆ ಗಟ್ಟಿಮೇಳ ಅಂದರು, ಸ್ಯಾಕ್ಸೋಫೋನ್ ಮೊಳಗಿತು. ಯಾರೂ ತಿರುಗಿ ಕೂಡ ನೋಡಲಿಲ್ಲ. ಅಷ್ಟು ಮಾಮೂಲಾಗಿದೆ ಅದು ಈಗ. ನನಗೆ ಮಾತ್ರ ಊಟ ಸರಿಯಾಗಿ ಸೇರಲಿಲ್ಲ. ಕಾರಣ ಹೇಳ್ತೀನಿ, ಆದರೆ ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ಸ್ಯಾಕ್ಸೋಫೋನ್ ನಮ್ಮ ವಾದ್ಯ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಕಂಡುಹಿಡಿದು, 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು. ಮೊದಲು ಮಿಲಿಟರಿ ಬ್ಯಾಂಡಿಗೆ ಸೇರಿತು, ಆಮೇಲೆ ಅಮೆರಿಕದ ಕರಿಯರ ಕೈಗೆ ಸಿಕ್ಕಿ ಜಾಜ್ ಸಂಗೀತದ ದನಿಯೇ ಆಯಿತು. ನಮ್ಮಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲೂ ಇತ್ತು. ಅಲ್ಲಿ ಅದನ್ನು ಕೇಳಿ ಮರುಳಾದ ಹುಡುಗನೇ ಕದ್ರಿ ಗೋಪಾಲನಾಥ್.

ಕದ್ರಿಯವರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪ ಮೂಡದಲ್ಲಿ ಹುಟ್ಟಿದವರು. ಅವರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ತೊಂದರೆ ಇದ್ದದ್ದು ವಾದ್ಯದಲ್ಲೇ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂರುತ್ತೆ. ಅರ್ಧ ಮುಚ್ಚಬಹುದು, ಸ್ವಲ್ಪ ಸ್ವಲ್ಪವೇ ತೆರೆಯಬಹುದು, ಸ್ವರ ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಒತ್ತೋದು ಲೋಹದ ಕೀಲಿಯನ್ನು. ರಂಧ್ರ ಒಂದೋ ಮುಚ್ಚಿತು, ಇಲ್ಲಾ ತೆರೆಯಿತು. ಅದು ಮೆಟ್ಟಿಲು, ನಮ್ಮ ಗಮಕಕ್ಕೆ ಬೇಕಾದದ್ದು ಇಳಿಜಾರು. ಬ್ಲೂಸ್ ನುಡಿಸುವ ಕರಿಯರಿಗೂ ಇದೇ ಕಷ್ಟ ಇತ್ತು ನೋಡಿ. ಜರ್ಮನಿಯಿಂದ ಬಂದ ಅಗ್ಗದ ಮೌತ್ ಆರ್ಗನ್‌ನಲ್ಲಿ ತಮ್ಮ ಹಾಡಿನ ನರಳಿಕೆ ಬರಲಿಲ್ಲ ಅಂತ, ಉಸಿರನ್ನೂ ನಾಲಗೆಯನ್ನೂ ಬಳಸಿ ಸ್ವರವನ್ನೇ ಬಗ್ಗಿಸಿದರು. ಕದ್ರಿಯವರು ಸ್ಯಾಕ್ಸೋಫೋನಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ತುಟಿ, ಉಸಿರು, ಅರ್ಧ ಒತ್ತಿದ ಕೀಲಿ, ವಾದ್ಯದಲ್ಲೇ ಒಂದಿಷ್ಟು ಮಾರ್ಪಾಡು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿತರು. ವಾದ್ಯ ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತಂತೆ.

1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ಜೊತೆಯಲ್ಲೇ ವೇದಿಕೆ ಹತ್ತಿದರು. ಹ್ಯಾಂಡಿಗೆ ನಮ್ಮ ಸಂಗೀತ ಹೊಸದೇನಲ್ಲ, ಉಸ್ತಾದ್ ಅಲಿ ಅಕ್ಬರ್ ಖಾನ್ ಜೊತೆ ಮೊದಲೇ ರೆಕಾರ್ಡ್ ಮಾಡಿದ್ದವರು. ಒಬ್ಬರದು ಜಾಜ್, ಒಬ್ಬರದು ಕರ್ನಾಟಕ ಸಂಗೀತ, ವಾದ್ಯ ಒಂದೇ. ಅಲ್ಲಿಂದ ಕದ್ರಿಯವರ ಹೆಸರು ಹರಡಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅದೇ ವರ್ಷ ರೆಹಮಾನ್ ಸಂಗೀತದ ತಮಿಳಿನ 'ಡ್ಯುಯೆಟ್' ಚಿತ್ರ ಬಂತು. 2004ರಲ್ಲಿ ಪದ್ಮಶ್ರೀ.

ಇನ್ನೊಂದು ಸ್ವಾರಸ್ಯ ಇದೆ. ಅಮೆರಿಕದಲ್ಲಿ ಬೆಳೆದ, ಭಾರತೀಯ ಮೂಲದ ರುದ್ರೇಶ್ ಮಹಂತಪ್ಪ ಜಾಜ್ ಸ್ಯಾಕ್ಸೋಫೋನ್ ವಾದಕ. ಕಾಲೇಜು ದಿನಗಳಲ್ಲಿ ಅವರಣ್ಣ ತಮಾಷೆಗೆ ಅಂತ ಕದ್ರಿಯವರ ಆಲ್ಬಮ್ ಒಂದನ್ನು ಕೊಟ್ಟರಂತೆ. ತಮಾಷೆ ಗಂಭೀರವಾಯಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಅಂತ ಆಲ್ಬಮ್ ತಂದರು. ಹೆಸರಿನ ಅರ್ಥ ನೆಂಟರು, ಬಂಧುಗಳು ಅಂತ. 2019ರ ಅಕ್ಟೋಬರ್ 11ರಂದು ಕದ್ರಿಯವರು ಮಂಗಳೂರಿನಲ್ಲಿ ತೀರಿಕೊಂಡರು.

ಈಗ ನನ್ನ ಕತೆಗೆ ಬರ್ತೀನಿ.

ನಮ್ಮದು ಶಿಕಾರಿಪುರ. ಮನೆಯಲ್ಲಿ ಯಾವ ಶುಭಕಾರ್ಯ ಆದರೂ ವಾಲಗಕ್ಕೆ ಒಬ್ಬರೇ ಬರ್ತಿದ್ದರು, ಅಜ್ಜನ ಕಾಲದಿಂದ. ಹೇಳಿಕಳಿಸುವ ಅಗತ್ಯವೂ ಇರಲಿಲ್ಲ, ಚಪ್ಪರ ಹಾಕಿದ ಸುದ್ದಿ ಕೇಳಿದರೆ ಸಾಕು. 1996ರಲ್ಲಿ ಅಕ್ಕನ ಮದುವೆ. ಕಾಲೇಜು ಓದ್ತಿದ್ದ ನಾನು ಕದ್ರಿಯವರ ಕ್ಯಾಸೆಟ್ ಕೇಳಿ ಹುಚ್ಚು ಹಿಡಿಸಿಕೊಂಡಿದ್ದೆ. ಸ್ಯಾಕ್ಸೋಫೋನೇ ಬೇಕು ಅಂತ ಹಟ ಮಾಡಿದೆ. ಅಪ್ಪ ಒಪ್ಪಿದರು. ಹಳಬರಿಗೆ ಒಂದು ಮಾತು ತಿಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮುಹೂರ್ತದ ದಿನ ಬೆಳಿಗ್ಗೆ ಅವರು ಬಂದರು. ಬಿಳಿ ಪಂಚೆ, ಬಟ್ಟೆ ಸುತ್ತಿದ ನಾಗಸ್ವರ ಕಂಕುಳಲ್ಲಿ. ಚಪ್ಪರದಡಿ ಸ್ಯಾಕ್ಸೋಫೋನಿನವರು ಕೂತದ್ದು ನೋಡಿದರು. ನನ್ನನ್ನು ಕರೆದು "ತಮ್ಮಾ, ಶ್ರುತಿ ಚೆನ್ನಾಗಿ ಸೇರಿದೆ" ಅಂದರು, ಅಷ್ಟೇ. ಊಟಕ್ಕೂ ನಿಲ್ಲಲಿಲ್ಲ. ಮುಂದೆ ನಮ್ಮ ಮನೆಗೆ ಬರಲೂ ಇಲ್ಲ.

ಆಗ ನನಗೆ ಕದ್ರಿಯವರ ತಂದೆ ಯಾರು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇನ್ನಷ್ಟು ನಾಚಿಕೆಯಾಯಿತು. ನಾನು ಹೊಸದು ಅಂತ ಕುಣಿದಾಡಿದ ಆ ನಾದ, ನಾವು ಬಾಗಿಲಿಂದ ವಾಪಸ್ ಕಳಿಸಿದ ವಾದ್ಯದ ಮನೆಯಲ್ಲೇ ಬೆಳೆದದ್ದು. ಕದ್ರಿಯವರು ನಾಗಸ್ವರವನ್ನು ಓಡಿಸಲಿಲ್ಲ, ಅದರ ಉಸಿರನ್ನು ಇನ್ನೊಂದು ಕೊಳವೆಗೆ ತುಂಬಿದರು. ಓಡಿಸಿದ್ದು ನಮ್ಮಂಥ ಮದುವೆ ಮನೆಯವರು.

ಮೊನ್ನೆಯ ಮದುವೆಯಲ್ಲಿ ಸ್ಯಾಕ್ಸೋಫೋನ್ ನುಡಿಸಿದ ಹುಡುಗನನ್ನು ಯಾವ ಕಡೆಯವನಪ್ಪಾ ಅಂತ ವಿಚಾರಿಸಿದೆ. ಆ ಹಿರಿಯರ ಮೊಮ್ಮಗ. ಅಜ್ಜ ಹೋಗಿ ಹತ್ತು ವರ್ಷವಾಯಿತಂತೆ. ನಾಗಸ್ವರ ಏನಾಯ್ತು ಅಂತ ಕೇಳಿದೆ. "ಮನೇಲಿದೆ ಸಾರ್. ಆಯುಧಪೂಜೆಗೆ ಇಡ್ತೀವಿ" ಅಂದ.

ಮುಂದಿನ ವರ್ಷ ನಮ್ಮ ಮನೆಯಲ್ಲಿ ಒಂದು ಉಪನಯನ ಇದೆ. ಬಾ, ಎರಡನ್ನೂ ತಗೊಂಡು ಬಾ ಅಂತ ಹೇಳಿ ಬಂದಿದ್ದೀನಿ. ನಾಗಸ್ವರ ನುಡಿಸೋಕೆ ತನಗೆ ಅಷ್ಟಾಗಿ ಬರಲ್ಲ ಅಂದ. ಇನ್ನೂ ಟೈಮ್ ಇದೆಯಲ್ಲ, ಕಲಿ ಅಂದೆ. ಹೀಗೆ ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ನೀವೇ ಹೇಳಬೇಕು.