ಶ್ಯಾನುಭೋಗರ ಲೆಕ್ಕವೂ ಕಾದಂಬರಿಕಾರನ ವ್ಯುತ್ಪತ್ತಿಯೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಬರೆದು ಕನ್ನಡಿಗರಿಗೆ ಸುಲಭಗ್ರಾಹ್ಯವಾಗಿಸಿದ ಆ ಪ್ರಾಚೀನ ಶಾಸ್ತ್ರದಲ್ಲಿ, ಕವಿಗೆ ಜನ್ಮಸಿದ್ಧವಾದ ಶಕ್ತಿಯೊಂದೇ ಸಾಲದೆಂದೂ, ಲೋಕವನ್ನೂ ಶಾಸ್ತ್ರಗಳನ್ನೂ ಪೂರ್ವಕಾವ್ಯಗಳನ್ನೂ ಅವಲೋಕಿಸಿ ಪಡೆದ ನೈಪುಣ್ಯವೂ, ಎಂದರೆ ವ್ಯುತ್ಪತ್ತಿಯೂ, ಬಲ್ಲವರ ಬಳಿ ಮಾಡಿದ ಅಭ್ಯಾಸವೂ ಅದರೊಡನೆ ಕೂಡಬೇಕೆಂದೂ ಆಲಂಕಾರಿಕನಾದ ಮಮ್ಮಟನು ಹೇಳಿರುವನು. ಕಥೆಗಾರನು ಕಥೆಗಳನ್ನು ಮಾತ್ರವೇ ಓದಿದರೆ ಸಾಲದೆಂಬ ಈ ವಿವೇಕಕ್ಕೆ ನಿದರ್ಶನವು ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವೆಯೇ ದೊರೆಯುತ್ತದೆ.

ಹಳೆಯ ಮೈಸೂರಿನ ಗ್ರಾಮಗಳಲ್ಲಿ ವಂಶಪಾರಂಪರ್ಯವಾಗಿ ಲೆಕ್ಕ ಬರೆಯುತ್ತಿದ್ದವರು ಶ್ಯಾನುಭೋಗರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಮಡಿಸಿದ ಕಡತದ ಮೇಲೆ ಬಳಪದಿಂದ, ತರುವಾಯ ಕಾಗದದ ಮೇಲೆ ಶಾಯಿಯಿಂದ, ಯಾವ ಹೊಲ ಯಾರ ಖಾತೆಯದು, ಯಾವ ತೋಟಕ್ಕೆ ಎಷ್ಟು ಕಂದಾಯ, ಯಾರ ಬಾಕಿ ಎಷ್ಟು ಎಂಬುದನ್ನೆಲ್ಲ ಅವರು ಬರೆದಿಡುತ್ತಿದ್ದರು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಆ ಲೆಕ್ಕವು ಅಧಿಕಾರಿಗಳ ಪರಿಶೀಲನೆಗೆ ಒಳಪಡುತ್ತಿತ್ತು. ತೋಟದ ಸೀಮೆಯಲ್ಲಿ ಈ ಬರವಣಿಗೆಯ ಭಾರ ಅಧಿಕವಾಗಿತ್ತು. ನೆಟ್ಟ ಸಸಿ ಫಲ ಕೊಡಲು ವರ್ಷಗಳು ಹಿಡಿಯುವುವು. ಕೆಡವಿದ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ನೀರಿಂಗಿ, ಉಂಡೆ ಕೊಬ್ಬರಿಯಾದ ಮೇಲೆಯೇ ಮಾರಾಟಕ್ಕೆ ಸಲ್ಲುವುದು. ಕಂದಾಯದ ಕಂತಾದರೋ ಅಷ್ಟು ಕಾಲ ಕಾಯುತ್ತಿರಲಿಲ್ಲ. ಈ ಅಂತರದಲ್ಲಿ ಸಾಲವೂ ಅಡಮಾನವೂ ಹುಟ್ಟುತ್ತಿದ್ದುವು. ಒಂದು ಕುಟುಂಬದ ಪತನವು ಖಾತೆ ಬದಲಾದ ಒಂದೇ ಸಾಲಿನಲ್ಲಿ ಅಡಗಿರುವುದುಂಟು.

ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇಂತಹ ಸಾಲುಗಳ ಅಂತರಾರ್ಥವನ್ನು ಬಲ್ಲ ಕಾದಂಬರಿ. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರ ಶ್ಯಾನುಭೋಗರ ಮನೆಗೆ ಸೊಸೆಯಾಗಿ ಬಂದ ನಂಜಮ್ಮ, ಅಸಮರ್ಥನಾದ ಪತಿ ಚೆನ್ನಿಗರಾಯನ ಪರವಾಗಿ ಗ್ರಾಮಲೆಕ್ಕವನ್ನು ತಾನೇ ಕಲಿತು ಬರೆದು ಸಂಸಾರವನ್ನು ಸಾಗಿಸುತ್ತಾಳೆ. ಲೆಕ್ಕದ ಕ್ರಮವನ್ನೂ ಅಡಮಾನದ ಗಡುವನ್ನೂ ಅರಿಯದ ಲೇಖಕನು ಆಕೆಯ ಕಷ್ಟವನ್ನು ಕಣ್ಣೀರಿನಿಂದ ಬಣ್ಣಿಸಬಲ್ಲನೇ ಹೊರತು, ಆಕೆಯ ಬುದ್ಧಿಶಕ್ತಿಯನ್ನು ಕೆಲಸದ ಮೂಲಕ ಪ್ರತ್ಯಕ್ಷಗೊಳಿಸಲಾರನು. ಪ್ಲೇಗು ಬಂದೆರಗಿದಾಗ ಓದುಗನ ಎದೆ ನಡುಗುವುದೂ, ಆ ಮನೆಯ ಜಮೀನು, ಧಾನ್ಯ, ಆದಾಯಗಳ ಪರಿಮಿತಿಯನ್ನು ಅವನು ಅದಾಗಲೇ ತಿಳಿದಿರುವುದರಿಂದ. ವಂಶಪಾರಂಪರ್ಯದ ಗ್ರಾಮಾಧಿಕಾರವು 1961ರ ಶಾಸನದಿಂದ ರದ್ದಾಯಿತು. ಆ ವೃತ್ತಿಯ ಜೀವಂತ ಸ್ವರೂಪವು ಕಾದಂಬರಿಯಲ್ಲಿ ಉಳಿಯಿತು.

ಇನ್ನೂ ಬರೆಯಲ್ಪಡದ ಕಥೆಗಳಿಗೆ ಆಕರಗಳು ಹೇರಳವಾಗಿವೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ನನ ಪ್ರವಾಸಗ್ರಂಥವು 1807ರಲ್ಲಿ ಪ್ರಕಟವಾಯಿತು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವಾಗಿ ಹೊರತಂದರು. ತುರುವೇಕೆರೆಯ ಹೊಯ್ಸಳ ದೇವಾಲಯಗಳ ಕಾಲದ ದಾನ, ಕೆರೆ, ಗದ್ದೆಗಳ ವಿವರವನ್ನು ಅರಸುವವನು ಅಲ್ಲಿಂದಲೇ ಆರಂಭಿಸಬೇಕು. ಕಥೆ ಬರೆಯಲು ಹೊರಟ ತರುಣರು ಇವುಗಳನ್ನು ಓದಲಿ. ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಲೆಕ್ಕದ ಪುಸ್ತಕಗಳೇನಾದರೂ ಇದ್ದರೆ, ಗೆದ್ದಲಿಗೆ ಬಿಡದೆ ಕೆಳಗಿಳಿಸಿ, ಒಂದೊಂದು ಸಾಲನ್ನೂ ಶ್ರದ್ಧೆಯಿಂದ ಓದಲಿ.